ಲೆನ್ಸಿನ ಹಣೆ

ದಹಿಸರ್ ಸ್ಟೇಷನ್ನಿನ ಸೇತುವೆಯ ಮೆಟ್ಟಿಲು ಹತ್ತುವಾಗ ಶುಭಾಂಗಿಗೆ ಹೆಗಲ ಮೇಲಿನ ಚೀಲ ನಿನ್ನೆಗಿಂತ ಭಾರವೆನ್ನಿಸಿತು. ನಿನ್ನೆಯೂ ಅದರಲ್ಲಿದ್ದದ್ದು ಇದೇ ಕ್ಯಾಮೆರಾ, ಇದೇ ಉದ್ದನೆಯ ಲೆನ್ಸು, ಇದೇ ಊಟದ ಡಬ್ಬಿ. ಹೆಚ್ಚಾದದ್ದು ಇವತ್ತು ಬಾಯಿಬಿಟ್ಟು ಹೇಳಬೇಕಾದ ಒಂದು ಮಾತಿನ ಭಾರ. ಇದು ಬೇಕು, ಅದು ಬೇಡ. ಅಷ್ಟೇ. ಗ್ರಾಂಟ್ ರೋಡಿನ ಆಫೀಸಿನಲ್ಲಿ ಮೂವತ್ತು ವರ್ಷ ಕಾಗದಪತ್ರ ನೋಡಿಕೊಂಡ ಐವತ್ತಾರರ ಹೆಂಗಸು ಒಂದು ಗಾಜಿನ ಕೊಳವೆಗಾಗಿ ಇಷ್ಟು ತಲೆ ಕೆಡಿಸಿಕೊಳ್ಳಬೇಕೆ ಎಂದು ತನ್ನನ್ನೇ ಬೈದುಕೊಂಡಳು. ಹಾಗೆ ಬೈದುಕೊಳ್ಳುವುದರಲ್ಲೂ ಒಂದು ಸುಖವಿತ್ತು, ಹೊಸ ಚಪ್ಪಲಿ ಕಚ್ಚಿದ ಜಾಗವನ್ನು ಮುಟ್ಟಿ ಮುಟ್ಟಿ ನೋಡುವ ಹಾಗೆ. ಅವಳ ಕ್ಯಾಮೆರಾದ ಜೊತೆಗೇ ಬಂದಿದ್ದ ಲೆನ್ಸಿಗೆ ಈ ಮಳೆಗಾಲದಲ್ಲಿ ಬೂಷ್ಟು ಹಿಡಿದು, ಒಳಗೆ ಜೇಡರ ಬಲೆಯಂಥದ್ದು ಹಬ್ಬಿ, ಅದು ಕುರುಡಾಗಿ ಹೋಗಿತ್ತು. ಸಾಂತಾಕ್ರೂಜ್ ಸ್ಟೇಷನ್ ಹೊರಗೆ ಹೋಟೆಲು ನಡೆಸುವ ರೋಶನ್, ಅವರ ಭಾನುವಾರದ ಫೋಟೋ ಬಳಗದ ಹಿರಿಯ, ತನ್ನಲ್ಲಿದ್ದ ಎರಡು ಲೆನ್ಸುಗಳಲ್ಲಿ ಒಂದನ್ನು ಅವಳಿಗೆ ಬಿಟ್ಟುಕೊಡುವುದೆಂದು ಮಾತಾಗಿತ್ತು. ಒಂದು ಉದ್ದನೆಯದು, ದೂರದ್ದನ್ನು ಹತ್ತಿರ ತೋರಿಸುವ ಎಪ್ಪತ್ತರಿಂದ ಮುನ್ನೂರು ಮಿಲಿಮೀಟರಿನದು, ಮುಂಗೈಯಷ್ಟು ಉದ್ದ. ಇನ್ನೊಂದು ಬರೀ ಐವತ್ತು, ಚಟ್ನಿಯ ವಾಟಿಯಷ್ಟು ಗಿಡ್ಡ. ಉದ್ದನೆಯದನ್ನು ಎಂಟು ದಿನ ಇಟ್ಟುಕೊಂಡು ನೋಡಿ, ನವಮಿಯ ದಿನ ಬಂದು ಯಾವುದೆಂದು ಹೇಳಿ ಎಂದಿದ್ದ. ಇವತ್ತು ನವಮಿ.

ಹೇಳುವುದೇನು ಉಳಿದಿತ್ತು? ಉದ್ದನೆಯದೇ ಎಂದು ಅವಳು ಎಂದೋ ನಿರ್ಧರಿಸಿದ್ದಳು, ಬಳಗದ ನಾಲ್ಕು ಜನರಿಗೆ ಹೇಳಿಯೂ ಇದ್ದಳು. ಕಾರಣವನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಹೋದ ವರ್ಷ ತಮ್ಮ ಆರನೇ ಮಾಳಿಗೆಯ ಗ್ಯಾಲರಿಯಲ್ಲಿ ನಿಂತಾಗ ಎದುರಿನ ಬಿಲ್ಡಿಂಗಿನ ಹೆಂಗಸೊಬ್ಬಳು ಕಿಟಕಿಯಲ್ಲಿ ಕೂದಲು ಒಣಗಿಸಿಕೊಳ್ಳುತ್ತಿದ್ದಳು. ಬಿಸಿಲು ಕೂದಲೊಳಗಿಂದ ಹಾದು ಜೇನಿನ ಬಣ್ಣಕ್ಕೆ ತಿರುಗಿತ್ತು. ಶುಭಾಂಗಿ ಕ್ಯಾಮೆರಾ ಎತ್ತಿದಳು. ಆ ಹೆಂಗಸು ತಲೆಯೆತ್ತಿ ನೋಡಿದಳು. ಬೈಯಲಿಲ್ಲ, ಕೂಗಲಿಲ್ಲ, ಪರದೆ ಎಳೆದುಕೊಂಡಳು, ಅಷ್ಟೇ. ಆ ಪರದೆಯ ಬಳೆಗಳು ಸರಳಿನ ಮೇಲೆ ಸರ್ರನೆ ಜಾರಿದ ಸದ್ದು ರಸ್ತೆಯ ಗದ್ದಲದಲ್ಲಿ ಇಲ್ಲಿಗೆ ಕೇಳಿಸುವುದು ಸಾಧ್ಯವೇ ಇರಲಿಲ್ಲ, ಆದರೂ ವರ್ಷವಿಡೀ ಅವಳಿಗೆ ಕೇಳಿಸಿತು. ಕಾಯಿಪಲ್ಲೆ ಗಾಡಿಯ ಹತ್ತಿರ ಆ ಹೆಂಗಸು ಎದುರಾದರೆ ಶುಭಾಂಗಿ ಬದನೆಕಾಯಿಗಳ ಮೇಲೆ ಬಗ್ಗಿ ನಿಲ್ಲುತ್ತಿದ್ದಳು. ಈಗ ಈ ಎಂಟು ದಿನದಲ್ಲಿ, ತನ್ನ ಮನೆಯ ಪರದೆಯ ಈಚೆಗೇ ನಿಂತು, ಯಾರಿಗೂ ಕಾಣದೆ, ಅವಳು ಏನೇನು ನೋಡಿದಳು! ನೀರಿನ ಟ್ಯಾಂಕಿನ ಮೇಲೆ ಕೂತ ಹದ್ದಿನ ಹಳದಿ ಕಣ್ಣು. ದೂರದ ತಾರಸಿಯಲ್ಲಿ ಬನಿಯನ್ ತೊಟ್ಟ ದಪ್ಪನೆಯ ಗಂಡಸೊಬ್ಬ ಕಿವಿಗೆ ತಂತಿ ಸಿಗಿಸಿಕೊಂಡು ಒಬ್ಬನೇ ಕುಣಿಯುತ್ತಿದ್ದದ್ದು. ಲೆನ್ಸಿನ ಉಂಗುರ ತಿರುಗಿಸಿದರೆ ಸಾಕು, ಲೋಕವೇ ಎದ್ದು ಮೂಗಿನ ಹತ್ತಿರ ಬಂದು ಕೂರುತ್ತಿತ್ತು. ಕದ್ದು ತಿಂದ ಬೆಲ್ಲದ ರುಚಿ ಅದು. ಬಾಯಿ ಸಿಹಿ, ಎದೆ ಡವಡವ.

ಲೋಕಲ್ ರೈಲುಗಾಡಿ ಬಂತು, ಹೆಂಗಸರ ಡಬ್ಬಿ ಅವಳ ಮುಂದೆಯೇ ನಿಂತಿತು. ಹತ್ತಿದವಳಿಗೆ ಒಂದು ಕ್ಷಣ ಕಣ್ಣು ಕೋರೈಸಿತು. ನಾಳೆ ದಸರೆಗೆ ರಜೆ. ಹಾಗಾಗಿ ದಿನಾ ಇದೇ ಡಬ್ಬಿಯಲ್ಲಿ ಹೋಗುವ ಹೆಂಗಸರು ಪ್ರತಿ ವರ್ಷದಂತೆ ಇವತ್ತೇ ಗಾಡಿಗೆ ಪೂಜೆ ಇಟ್ಟುಕೊಂಡಿದ್ದರು. ನೇತಾಡುವ ಹಿಡಿಗಳಿಗೆಲ್ಲ ಚೆಂಡುಹೂವಿನ ಸರ, ಬಾಗಿಲ ಕಂಬಕ್ಕೆ ಮಾವಿನ ಎಲೆ, ಸೀಟಿನ ಹಿಂದಿನ ಕಬ್ಬಿಣದ ಜಾಲರಿಗೆ ಕಟ್ಟಿದ ದೇವಿಯ ಪಟ, ಅದರ ಮುಂದೆ ಬ್ಯಾಟರಿಯ ದೀಪ. ನವರಾತ್ರಿಯಲ್ಲಿ ಈ ಊರಿನಲ್ಲಿ ದಿನಕ್ಕೊಂದು ಬಣ್ಣ. ಇವತ್ತಿನದು ನವಿಲು ಹಸಿರು. ಇಡೀ ಡಬ್ಬಿಗೆ ಡಬ್ಬಿಯೇ ಹಸಿರು ಸೀರೆ, ಹಸಿರು ಕುರ್ತಾ, ಹಸಿರು ಬಳೆ. ಬೋರಿವಲಿಯ ನೂಕುನುಗ್ಗಲಿನಲ್ಲೂ ಪಟದ ಮುಂದೆ ನೆಲಕ್ಕೆ ಬಿಡಿಸಿದ್ದ ರಂಗೋಲಿಯನ್ನು ಯಾರೂ ತುಳಿಯಲಿಲ್ಲ. ಈ ಡಬ್ಬಿಯ ಬಳಗಕ್ಕೆ ಪ್ರಫುಲ್ಲಾ ಯಜಮಾನಿ. ಪೋಸ್ಟಾಫೀಸಿನಲ್ಲಿ ಕೆಲಸ, ಗಟ್ಟಿ ಗಂಟಲು, ಮೂಗಿನಲ್ಲಿ ದೊಡ್ಡ ನತ್ತು. ಒಂಬತ್ತು ವರ್ಷದಿಂದ ಶುಭಾಂಗಿ ಅವಳ ತೊಡೆಗೆ ತೊಡೆ ತಾಗಿಸಿ ಕೂತು ಬಂದಿದ್ದಳು. ಬಟಾಣಿ ಸುಲಿದಿದ್ದರು, ಬಾಣಂತನದ ಕತೆ ಹಂಚಿಕೊಂಡಿದ್ದರು, ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ನಿದ್ದೆ ಮಾಡಿದ್ದರು. ಈಗ ಪ್ರಫುಲ್ಲಾ ಅವಳ ಚೀಲವನ್ನು ನೋಡಿದ್ದೇ, ಈ ವರ್ಷ ಮೊಬೈಲು ಬೇಡ, ನಮ್ಮ ಶುಭಾಂಗಿಯ ದೊಡ್ಡ ಕ್ಯಾಮೆರಾದಲ್ಲೇ ಎಲ್ಲರ ಫೋಟೋ ಎಂದು ಮರಾಠಿಯಲ್ಲಿ ಸಾರಿಬಿಟ್ಟಳು. ಇಪ್ಪತ್ತು ಹಸಿರು ಹೆಂಗಸರು ದೇವಿಯ ಪಟದ ಸುತ್ತ ಒತ್ತೊತ್ತಿಕೊಂಡು ನಿಂತರು.

ಶುಭಾಂಗಿ ಕ್ಯಾಮೆರಾ ತೆಗೆದಳು, ಲೆನ್ಸಿನ ಕರಿ ಮುಚ್ಚಳ ಬಿಚ್ಚಿದಳು. ಬಿಚ್ಚಿದವಳು ಹಾಗೇ ನಿಂತಳು. ಗಾಜಿನ ಮೇಲೆ ಅಡ್ಡಲಾಗಿ ಮೂರು ಬೆರಳಿನ ವಿಭೂತಿ, ನಡುವೆ ಒಂದು ಕುಂಕುಮದ ಬೊಟ್ಟು. ಯಾರೋ ದೊಡ್ಡ ಶರಣರು ಕೊಳವೆಯೊಳಗಿಂದ ತನ್ನನ್ನೇ ನೋಡುತ್ತಿರುವಂತೆ ಅವಳಿಗೆ ಕಂಡಿತು. ಬೆಳಿಗ್ಗೆ ತಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ ಅತ್ತೆ ಬಸಲಿಂಗವ್ವ ಮಿಂದು, ಖಂಡೇಪೂಜೆಗೆಂದು ಪಡಸಾಲೆಯಲ್ಲಿ ಮನೆಯ ಹತಾರಗಳನ್ನೆಲ್ಲ ಸಾಲಾಗಿ ಇಟ್ಟಿದ್ದಳು. ಈಳಿಗೆ, ಕತ್ತರಿ, ಮಿಕ್ಸರು, ಇಸ್ತ್ರಿ ಪೆಟ್ಟಿಗೆ, ಗಂಡನ ಸ್ಕೂಟರಿನ ಕೀಲಿ, ತನ್ನ ಆಫೀಸಿನ ಪೆನ್ನು. ಗಂಟೆಯ ಸದ್ದೂ ಕೇಳಿಸಿತ್ತು, ನಿನ್ನ ದುರ್ಬೀನು ಚೀಲದಾಗ ಇಟ್ಟೇನವಾ ಎಂಬ ಕೂಗೂ ಕೇಳಿಸಿತ್ತು. ಹ್ಞೂಂ ಎಂದಿದ್ದಳು. ಎಂಬತ್ತೆರಡರ ಮುದುಕಿ ಆ ಮುಚ್ಚಳ ಬಿಚ್ಚುವುದನ್ನು ಯಾವಾಗ ನೋಡಿ ಕಲಿತಳೋ!

ಮುಂದೆ ನಿಂತಿದ್ದ ಹುಡುಗಿಯೊಬ್ಬಳು ಲೆನ್ಸಿಗೆ ಕೈಮುಗಿದಳು. ಡಬ್ಬಿಯೆಲ್ಲ ನಕ್ಕಿತು. ಬೇಗ ಬೇಗ ಎಂದು ಪ್ರಫುಲ್ಲಾ ಅವಸರ ಮಾಡಿದಳು. ವಿಭೂತಿಯನ್ನು ಒರೆಸಲು ಶುಭಾಂಗಿಯ ಕೈ ಮೊದಲು ಮೇಲೇಳಲೇ ಇಲ್ಲ. ಹಚ್ಚಿದ ವಿಭೂತಿಯನ್ನು ಅಳಿಸುವುದೆಂದರೆ ಹುಟ್ಟಿದಂದಿನಿಂದ ಕೈಗೆ ಬಾರದ ಕೆಲಸ. ಆಮೇಲೆ ಎಲ್ಲರ ಕಣ್ಣೂ ತನ್ನ ಮೇಲಿದೆಯೆಂಬ ಸಂಕೋಚಕ್ಕೆ ಸೆರಗು ತೆಗೆದುಕೊಂಡು ಗಸಗಸನೆ ಒರೆಸಿಯೇಬಿಟ್ಟಳು. ಒರೆಸುವಾಗ ಬೆರಳಿನ ಕೆಳಗೆ ಸಣ್ಣಗೆ, ಅಕ್ಕಿಯಲ್ಲಿ ಕಲ್ಲು ಸಿಕ್ಕ ಹಾಗೆ, ಕರ್ ಎಂದಿತು. ಆಗ ನೆನಪಾಯಿತು. ಗಾಜನ್ನು ಒರೆಸಬಾರದು, ಊದಬೇಕು. ರೋಶನ್ ಮೊದಲನೆಯ ಭಾನುವಾರ ಕಲಿಸಿದ ಮೊದಲನೆಯ ಪಾಠ ಅದು. ಬೂದಿಯಲ್ಲಿ ಪಾತ್ರೆ ತಿಕ್ಕಿದವಳಿಗೆ ಬೂದಿ ಏನು ಮಾಡುತ್ತದೆಂದು ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಕಿಟಕಿಯ ಬೆಳಕಿಗೆ ಓರೆ ಮಾಡಿ ನೋಡಿದಳು. ಎರಡು ಗೀರು. ಕೂದಲೆಳೆಯಷ್ಟು ಸಣ್ಣವು. ಬೆಳಕು ತಾಗಿದಾಗ ಮಾತ್ರ ಮಿಂಚಿ ಮಾಯವಾಗುವಂಥವು.

ಇಪ್ಪತ್ತು ಜನ ಹಲ್ಲು ಬಿಟ್ಟುಕೊಂಡು ನಿಂತಿದ್ದರು. ಅವಳು ಕಣ್ಣಿಗೆ ಕ್ಯಾಮೆರಾ ಹಿಡಿದಳು. ಕಂಡದ್ದು ಹಸಿರು ಮಂಜು. ಲೆನ್ಸು ಗಿರ್ ಗಿರ್ ಎಂದು ಮುಂದೆ ಹಿಂದೆ ತಡಕಾಡಿ ಕೈಚೆಲ್ಲಿತು. ಐದಡಿಗಿಂತ ಹತ್ತಿರ ಇದ್ದದ್ದು ಅದಕ್ಕೆ ಕಾಣುವುದೇ ಇಲ್ಲ. ಅವಳು ಹಿಂದೆ ಸರಿದಳು. ಈಗ ಪ್ರಫುಲ್ಲಾಳ ನತ್ತಿನ ಒಂದು ಮುತ್ತು ಕಂಡಿತು, ಪೂರ್ಣಚಂದ್ರನಂತೆ. ಇನ್ನೂ ಹಿಂದೆ ಸರಿದಳು. ಒಂದು ಕಿವಿ, ಅದರ ಪಕ್ಕದಲ್ಲಿ ಇನ್ಯಾರದೋ ಗದ್ದ. ಹಿಂದಿನ ಸೀಟಿನವರು ಕಾಲೆತ್ತಿ ದಾರಿ ಬಿಟ್ಟರು, ಮೀನಿನ ಬುಟ್ಟಿಯವಳು ಬುಟ್ಟಿ ಎಳೆದುಕೊಂಡಳು, ಎಲ್ಲರೂ ಒಂದೇ ರಾಗದಲ್ಲಿ ಇನ್ನೂ ಹಿಂದೆ, ಇನ್ನೂ ಹಿಂದೆ ಎಂದು ಹುರಿದುಂಬಿಸಿದರು. ಕೊನೆಗೆ ಡಬ್ಬಿಯ ಆಚೆ ಕೊನೆಯ ತಗಡಿಗೆ ಅವಳ ಬೆನ್ನು ತಾಗಿತು. ಈಗ ನಡುವೆ ಕಾಂದಿವಲಿಯಲ್ಲಿ ಹತ್ತಿದ ಮೂವತ್ತು ಜನ. ಪೂಜೆಯೂ ಇಲ್ಲ, ಪ್ರಫುಲ್ಲಾಳೂ ಇಲ್ಲ, ಬರೀ ಬೆನ್ನುಗಳು. ಇವಳನ್ನು ಕೊನೆಯ ಸ್ಟೇಷನ್ ಚರ್ಚ್‌ಗೇಟಿಗೆ ಕಳಿಸಿ, ಅಲ್ಲಿಂದ ತೆಗೆಯಲಿ ಎಂದು ಪ್ರಫುಲ್ಲಾ ಕೂಗಿದ್ದಕ್ಕೆ ಡಬ್ಬಿಯೇ ಅಲುಗುವಂತೆ ನಗು ಎದ್ದಿತು. ಅಷ್ಟರಲ್ಲಿ ಆ ಕೈಮುಗಿದ ಹುಡುಗಿ ತನ್ನ ಮೊಬೈಲು ಚಾಚಿ, ತಾನೇ ನಕ್ಕು, ಕೈ ಎತ್ತರಿಸಿ ಎಲ್ಲರನ್ನೂ ಒಂದೇ ಏಟಿಗೆ ಹಿಡಿದುಬಿಟ್ಟಳು. ಶುಭಾಂಗಿ ಆ ಫೋಟೋದಲ್ಲಿರಲಿಲ್ಲ.

ತಗಡಿಗೆ ಒರಗಿ ನಿಂತವಳಿಗೆ ಅಳು ಬರಬೇಕಿತ್ತು. ಬರಲಿಲ್ಲ. ಅವಳೂ ನಗುತ್ತಿದ್ದಳು, ಹೊಟ್ಟೆ ಹಿಡಿದುಕೊಂಡು. ನಗುತ್ತಲೇ, ಯಾರೋ ಕಿವಿಯಲ್ಲಿ ಹೇಳಿದಷ್ಟು ಸ್ಪಷ್ಟವಾಗಿ ಅವಳಿಗೆ ತಿಳಿಯಿತು, ಈ ಉದ್ದನೆಯದು ನನಗೆ ಬೇಡ. ಒಂಬತ್ತು ವರ್ಷ ತೊಡೆಗೆ ತೊಡೆ ತಾಗಿಸಿ ಕೂತವಳ ಮುಖ ಕಾಣದ ಕಣ್ಣು ಇಟ್ಟುಕೊಂಡು ನಾನೇನು ಮಾಡಲಿ? ನನಗೆ ಆ ನತ್ತು ಬೇಕು, ಆದರೆ ಅದರ ಕೆಳಗಿನ ಬಾಯಿಯೂ ಬೇಕು, ಆ ಬಾಯಿಯಲ್ಲಿ ಅರ್ಧ ಕಚ್ಚಿದ ಪ್ರಸಾದದ ಪೇಢಾ ಕೂಡ. ಎಷ್ಟೋ ವರ್ಷಗಳಿಂದ ಹುಡುಕುತ್ತಿದ್ದ ಕೀಲಿ ಸೊಂಟದಲ್ಲೇ ಸಿಕ್ಕಂತೆ ಹಗುರಾದಳು. ಆ ಹಗುರ ಮಲಾಡಿನಿಂದ ಗೋರೆಗಾಂವಿನವರೆಗೆ ಬಾಳಿತು. ಅಲ್ಲಿ ಗೀರು ನೆನಪಾಯಿತು.

ಫೋನು ಹಚ್ಚಿದಳು. ಅತ್ತೆಯೇ ಎತ್ತಿದಳು.

“ಅತ್ತೀ, ಮುಚ್ಚಳಾ ತಗದು ಗಾಜಿಗೆ ಯಾಕ ಹಚ್ಚಿದ್ರಿ?”

“ಮತ್ತ ಅದಕ್ಕ ಹಣಿ ಎಲ್ಲೈತಿ ಅಂತ ನನಗೇನ ಗೊತ್ತವಾ? ಹೊಳ್ಳಿಸಿ ಹೊಳ್ಳಿಸಿ ನೋಡಿದ್ನಿ. ಇರೂದು ಒಂದ ಮಾರಿ. ಅದಕ್ಕ ಹಚ್ಚಿದ್ನಿ. ಯಾಕ, ವಿಭೂತಿ ಹತ್ತಲಿಲ್ಲೇನು?”

“ಹತ್ತೇತ್ರಿ.”

“ಹತ್ತಿದ್ರ ಛಲೋ ಆತು ಬಿಡು. ಇನ್ನ ಅದಕ್ಕ ಯಾರ ದೃಷ್ಟೀನೂ ತಾಗೂದಿಲ್ಲ.”

ಮುದುಕಿ ಈಳಿಗೆಗೆ ಹಚ್ಚುವಾಗ, ಇಸ್ತ್ರಿಗೆ ಹಚ್ಚುವಾಗ ಯೋಚಿಸದೆ ಹಚ್ಚಿದ್ದಳು, ಇದೊಂದಕ್ಕೆ ಮಾತ್ರ ಹಣೆಯನ್ನು ಹುಡುಕಿದ್ದಳು. ಸೊಸೆ ವಾರವೆಲ್ಲ ಎದೆಗೊತ್ತಿಕೊಂಡು ತಿರುಗಿದ ವಸ್ತು ಎಂದೇ ಹುಡುಕಿರಬೇಕು. ಊಟ ಮಾಡ್ರಿ ಎಂದು ಹೇಳಿ ಫೋನಿಟ್ಟಳು.

ಈಗ ದಾರಿ ಸುಲಭವಿತ್ತು, ಅದೇ ಕಷ್ಟ. ಉದ್ದನೆಯದನ್ನೇ ತೆಗೆದುಕೊಂಡುಬಿಟ್ಟರೆ ಮುಗಿಯಿತು. ಗೀರು ತನ್ನ ಮನೆಗೆ ಬರುತ್ತದೆ, ತನ್ನ ಕಪಾಟಿನಲ್ಲಿ ಕೂರುತ್ತದೆ, ರೋಶನ್ ಮುಚ್ಚಳ ತೆಗೆದೂ ನೋಡುವುದಿಲ್ಲ. ಅವನಿಗೂ ಮೋಸವಿಲ್ಲ, ಅವಳಿಗೂ ಅವಮಾನವಿಲ್ಲ. ಬೇಡದ್ದನ್ನು ಹೀಗೆ ಮನೆಗೆ ತರುವುದು ಹೇಗೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೆಳಗಾವಿಯ ಖಡೇಬಜಾರಿನ ಅಂಗಡಿಯಲ್ಲಿ ಮದುವೆಯ ಸೀರೆಗೆಂದು ಕೂತಾಗ ಅಂಗಡಿಯವನು ಬೆವರು ಸುರಿಸಿ ಇಪ್ಪತ್ತು ಸೀರೆ ಬಿಚ್ಚಿ ಗುಡ್ಡೆ ಹಾಕಿದ್ದ. ಅವಳಿಗೆ ಬೇಕಿದ್ದದ್ದು ಮೇಲಿನ ಹಲಗೆಯಲ್ಲಿ ಮೂಲೆಗಿದ್ದ ದಾಳಿಂಬೆ ಬಣ್ಣದ್ದು. ಇನ್ನೂ ಒಂದು ತೆಗೀರಿ ಎನ್ನಲು ನಾಲಿಗೆ ಏಳದೆ, ಬಿಚ್ಚಿಸಿದ ಪಾಪಕ್ಕೆ, ಕೈಗೆ ಸಿಕ್ಕ ಬೂದುಬಣ್ಣದ ಸೀರೆಯನ್ನೇ ಉಟ್ಟು ಮದುವೆಯಾದಳು. ಮದುವೆಯ ಫೋಟೋದಲ್ಲಿ ಅವಳು ಗೋಡೆಯ ಬಣ್ಣಕ್ಕೇ ಇದ್ದಾಳೆ. ಮುಟ್ಟಿದ್ದನ್ನು ಒಲ್ಲೆ ಎನ್ನಲಾರದೆ ಎಷ್ಟು ಕಲ್ಲಂಗಡಿ, ಎಷ್ಟು ಪರದೆ ಬಟ್ಟೆ, ಎಷ್ಟು ಮಾತು ಮನೆಗೆ ತಂದಳೋ. ವಿಲೇಪಾರ್ಲೆ ದಾಟಿತು. ತಗೋತೀನಿ ಎಂದುಬಿಡು, ಎಂದಿತು ಒಂದು ಮನಸ್ಸು. ಇನ್ನೊಂದು ಮನಸ್ಸು ಏನೂ ಹೇಳದೆ ದಾಳಿಂಬೆ ಬಣ್ಣ ತೋರಿಸುತ್ತಿತ್ತು.

ಸಾಂತಾಕ್ರೂಜಿನಲ್ಲಿ ಇಳಿದು ಹೋಟೆಲಿಗೆ ಬಂದರೆ ಅಲ್ಲಿಯೂ ಆಯುಧಪೂಜೆ. ರುಬ್ಬುವ ಕಲ್ಲಿಗೆ ಸೇವಂತಿಗೆಯ ಹಾರ, ತಕ್ಕಡಿಗೆ ಗಂಧ, ಕಾಫಿ ಸೋಸುವ ಹಿತ್ತಾಳೆಯ ಪಾತ್ರೆಗೆ ಕುಂಕುಮ. ಪೂಜೆ ಆಗಷ್ಟೇ ಮುಗಿದು ಮಂಗಳಾರತಿಯ ಕರ್ಪೂರದ ವಾಸನೆ ಸಾಂಬಾರಿನ ವಾಸನೆಯೊಳಗೆ ಸೇರಿತ್ತು. ಗಲ್ಲಾದ ಪಕ್ಕದ ಮೇಜಿನ ಮೇಲೆ ಬಾಳೆಲೆ ಹಾಸಿ ರೋಶನ್ ತನ್ನ ಕ್ಯಾಮೆರಾಗಳನ್ನೂ ಇಟ್ಟಿದ್ದ. ಗಂಧವನ್ನು ಮಾತ್ರ ಅವುಗಳ ಪಟ್ಟಿಗೆ, ತೊಗಲಿನ ಮೇಲೆ, ಸಾಸಿವೆಯಷ್ಟು ಹಚ್ಚಿದ್ದ. ಅದನ್ನು ನೋಡಿ ಶುಭಾಂಗಿ ಚೀಲವನ್ನು ಹೆಗಲಿನಿಂದ ಇಳಿಸದೆಯೇ ನಿಂತಳು. ರೋಶನ್ ಪ್ರಸಾದದ ಅವಲಕ್ಕಿ ಕೊಟ್ಟು, ಕೂರಲು ಹೇಳಿ, ಹೇಗಿತ್ತು ನಮ್ಮ ಉದ್ದಣ್ಣ ಎಂದು ವಿಚಾರಿಸಿದ. ಆ ಲೆನ್ಸಿನಲ್ಲಿ ಅವನು ಹಿನ್ನೀರಿನ ರಾಜಹಂಸಗಳನ್ನು ಹಿಡಿದಿದ್ದ, ಆ ಫೋಟೋ ಗೋಡೆಯ ಮೇಲೆ ಇನ್ನೂ ನೇತಾಡುತ್ತಿತ್ತು. ಹೊಸದೊಂದು ಬರುತ್ತಿರುವುದರಿಂದ ಕೊಡುತ್ತಿದ್ದೇನೆಯೇ ಹೊರತು ಕೊಡುವ ವಸ್ತುವಲ್ಲ ಎಂದು ಹೋದ ಭಾನುವಾರವೂ ಹೇಳಿದ್ದ.

ತಗೋತೀನಿ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ಅವಲಕ್ಕಿಯೊಂದಿಗೆ ಅದನ್ನು ನುಂಗಿದಳು.

“ಗೀರು ಬಿದ್ದಾವ್ರಿ,” ಎಂದಳು. “ನಮ್ಮತ್ತಿಯಾರು ಪೂಜಾ ಮಾಡಿ ಗಾಜಿಗೆ ವಿಭೂತಿ ಹಚ್ಚಿದ್ರು. ನಾ ಸೆರಗಿಲೆ ಒರಸಿಬಿಟ್ಟೆ.”

ರೋಶನ್ ನಗಲಿಲ್ಲ. ಲೆನ್ಸನ್ನು ಎರಡೂ ಕೈಯಲ್ಲಿ, ಜ್ವರ ಬಂದ ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಾಗಿಲ ಬೆಳಕಿಗೆ ಹೋದ. ರಬ್ಬರಿನ ಬುಗ್ಗೆಯಿಂದ ಊದಿದ, ಮೆತ್ತನೆಯ ಕುಂಚ ಆಡಿಸಿದ, ಓರೆ ಮಾಡಿದ, ಮತ್ತೆ ಊದಿದ. ಬಿಲ್ಲು ಕೊಡಲು ನಿಂತ ಇಬ್ಬರು ಗಿರಾಕಿಗಳು ಕಾದರು. ಶುಭಾಂಗಿ ತನ್ನ ಸೆರಗಿನ ಅಂಚಿಗಂಟಿದ ಕುಂಕುಮವನ್ನು ನೋಡುತ್ತ ಕೂತಳು. ಅವನು ಲೆನ್ಸನ್ನು ತನ್ನ ಕ್ಯಾಮೆರಾಕ್ಕೆ ತೊಡಿಸಿ ರಸ್ತೆಯಾಚೆಯ ರಿಕ್ಷಾದ ಫೋಟೋ ತೆಗೆದು, ದೊಡ್ಡದು ಮಾಡಿ, ಬಹಳ ಹೊತ್ತು ನೋಡಿದ.

“ಫೋಟೋದಲ್ಲಿ ಎಂತ ಕಾಣುದಿಲ್ಲ,” ಎಂದ ಕೊನೆಗೆ. “ಗಾಜಿಗೆ ಅಷ್ಟು ಹತ್ತಿರ ಇದ್ದದ್ದು ಫೋಟೋದಲ್ಲಿ ಬರುದಿಲ್ಲ. ಆದ್ರೆ ಉಂಟು ಅಂತ ನನಗೆ ಗೊತ್ತುಂಟಲ್ಲ. ಬೇಜಾರಾಯ್ತು ಶುಭಾಂಗಿಯವ್ರೆ. ಸುಳ್ಳು ಹೇಳುದಿಲ್ಲ.”

“ಆಗೂದ ಮತ್ತ.”

“ಹೋಗ್ಲಿ. ಹೇಗೂ ನಿಮಗೇ ಹೋಗುದಲ್ವಾ ಅದು.”

ಇದೇ ಆ ಕ್ಷಣ. ಅಂಗಡಿಯವನು ಸೀರೆಯನ್ನು ಮಡಚಿ ಕಾಗದದಲ್ಲಿ ಸುತ್ತುವ ಕ್ಷಣ. ಗಲ್ಲಾದ ಮೇಲಿನ ಬಡಿಸೋಪಿನ ಬಟ್ಟಲನ್ನು ನೋಡುತ್ತ, ಯಾರದೋ ಧ್ವನಿಯನ್ನು ಕೇಳುವಂತೆ ತನ್ನ ಧ್ವನಿಯನ್ನು ಅವಳು ಕೇಳಿದಳು.

“ಇಲ್ರಿ. ನನಗ ಆ ಗಿಡ್ಡಂದು ಬೇಕ್ರಿ.”

ರೋಶನ್ ಅವಳನ್ನು ನೋಡಿದ, ಲೆನ್ಸನ್ನು ನೋಡಿದ, ಬಿಲ್ಲಿನವರನ್ನು ನೋಡಿದ, ಅವರು ನ್ಯಾಯ ಹೇಳಲಿ ಎಂಬಂತೆ.

“ಅಲ್ಲ ಮಾರಾಯ್ರೆ, ಇದಕ್ಕೆ ಗೀರು ಹಾಕಿ ಅದನ್ನು ಕೇಳ್ತೀರಲ್ಲ!”

“ಹೌದ್ರಿ. ಇದನ್ನ ರಿಪೇರಿಗೆ ಎಲ್ಲಿ ಕೊಡಬೇಕು ಹೇಳ್ರಿ, ನಾ ಮಾಡಿಸಿ ಕೊಡ್ತೀನಿ. ಆದ್ರ ನನಗ ಬೇಕಾಗಿದ್ದು ಅದ. ಇದನ್ನ ಒಯ್ದರ ನಾ ನಿಮಗ ಸುಳ್ಳು ಹೇಳಿಧಂಗ ಆಗ್ತೇತಿ.”

ಇಷ್ಟು ಉದ್ದದ ಮಾತನ್ನು ತನಗೆ ಬೇಕಾದ್ದರ ಬಗ್ಗೆ ಅವಳು ಎಂದೂ ಆಡಿರಲಿಲ್ಲ. ಆಡಿದ ಮೇಲೆ ಏನೂ ಆಗಲಿಲ್ಲ. ಮೇಲಿನ ಫ್ಯಾನು ತಿರುಗುತ್ತಿತ್ತು, ಯಾರೋ ಎರಡು ಇಡ್ಲಿ ಒಂದು ವಡೆ ಎಂದರು. ರೋಶನ್ ಇಬ್ಬರ ಬಿಲ್ಲು ಮುಗಿಸಿದ, ಬೇಕೆಂದೇ ನಿಧಾನವಾಗಿ. ಗೀರನ್ನು ಯಾರಿಂದಲೂ ತೆಗೆಯಲಾಗದು, ರಿಪೇರಿಯ ಮಾತು ಬೇಡ ಎಂದ. ಆಮೇಲೆ ಅವನ ಮೀಸೆಯ ಕೆಳಗೆ ಏನೋ ಸಡಿಲವಾಯಿತು.

“ದಂಡ ಅಂತ ಒಂದು ಉಂಟು ನಿಮಗೆ. ಆ ಅತ್ತೆಯವರ ಫೋಟೋ ಬೇಕು ನನಗೆ. ಈ ಕೆಲಸ ಮಾಡಿದವರ ಮುಖ ಹೇಗುಂಟು ನೋಡ್ಬೇಕಲ್ಲ.”

ಕ್ಯಾಮೆರಾ ಹಿಡಿದ ಮೂರು ವರ್ಷದಲ್ಲಿ ಅವಳು ಹದ್ದು, ಮೋಡ, ತಾರಸಿಯ ಗಂಡಸು ಎಲ್ಲವನ್ನೂ ತೆಗೆದಿದ್ದಳು. ದಿನಾ ಎದುರಿಗೆ ಕೂತು ಬೆಳ್ಳುಳ್ಳಿ ಸುಲಿಯುವ ಬಸಲಿಂಗವ್ವನದು ಒಂದೂ ಇರಲಿಲ್ಲ. ತರ್ತೀನ್ರಿ ಎಂದಳು. ರೋಶನ್ ಗಿಡ್ಡ ಲೆನ್ಸನ್ನು ಬಾಳೆಲೆಯ ಮೇಲಿಂದ ಎತ್ತಿ ಕೊಟ್ಟ. ಅದಕ್ಕೆ ಅಂಟಿದ್ದ ಸೇವಂತಿಗೆಯ ಎಸಳನ್ನು ಊದಿ ಹಾರಿಸಿ, ಅವಳು ಅಲ್ಲಿಯೇ ತನ್ನ ಕ್ಯಾಮೆರಾಕ್ಕೆ ತೊಡಿಸಿದಳು. ಟಕ್ಕೆಂದು ಕೂತಿತು. ಕೈಯಲ್ಲಿ ಏನೂ ಇಲ್ಲದಷ್ಟು ಹಗುರ.

ಕಣ್ಣಿಗೆ ಹಿಡಿದಳು. ದೂರದ್ದನ್ನು ಹತ್ತಿರ ಎಳೆಯುವ ಉಂಗುರವಿಲ್ಲ, ಆ ಆಟವೂ ಇಲ್ಲ. ಬೇಕಾದರೆ ಕಾಲೆತ್ತಿ ನೀನೇ ಹೋಗಬೇಕು. ಹೋದಳು. ಮೇಜುಗಳ ನಡುವಿನಿಂದ, ಕ್ಷಮಿಸಿ ಎನ್ನುತ್ತ, ಅಡುಗೆಮನೆಯ ಬಾಗಿಲಿನವರೆಗೆ. ಅಲ್ಲಿ ಹಾರ ಹಾಕಿದ ಕಾವಲಿಯ ಮುಂದೆ ದೋಸೆಯ ಮೋನಪ್ಪ ನಿಂತಿದ್ದ. ನಲವತ್ತು ವರ್ಷದಿಂದ ಅದೇ ಜಾಗದಲ್ಲಿ ನಿಂತ ಮುದುಕ, ಹೊಸ ಬನಿಯನ್, ಹಣೆಯ ಮೇಲೆ ಉದ್ದನೆಯ ಕುಂಕುಮ, ಅದು ಬೆವರಿಗೆ ಇಳಿದು ಹುಬ್ಬಿನವರೆಗೆ ಬಂದಿತ್ತು. ಅವಳು ಕ್ಯಾಮೆರಾ ಇಳಿಸದೆಯೇ, ನಿಮ್ಮದೊಂದು ಫೋಟೋ ತೆಗೆಯಲೇ ಎಂದು ಕೇಳಿದಳು. ಹೀಗೆ ಎದುರಿಗೇ ನಿಂತು ಅವಳು ಯಾರನ್ನೂ ಕೇಳಿರಲಿಲ್ಲ. ಮೋನಪ್ಪ ದೋಸೆ ಮಗುಚಿ ಹಾಕಿದ. ಯೋಚಿಸಿದ. ಹೆಗಲ ಮೇಲಿನ ಬೈರಾಸಿನಿಂದ ಕೈ ಒರೆಸಿಕೊಂಡು ಅವಳತ್ತ ಎರಡು ಹೆಜ್ಜೆ ನಡೆದು ಬಂದ. ಬಂದವನು ನಿಲ್ಲಲೇ ಇಲ್ಲ. ಇನ್ನೂ ಒಂದು ಹೆಜ್ಜೆ ಬಂದು, ಬಗ್ಗಿ, ಒಂದು ಮೊಳದಷ್ಟು ದೂರದಿಂದ ಲೆನ್ಸಿನೊಳಕ್ಕೆ ಇಣುಕಿದ.

ಕಿಂಡಿಯ ತುಂಬ ಅವನ ಮುಖ. ಬಿಳಿ ಕೂಳೆಯ ಗದ್ದ, ಕೆಂಡದ ಮುಂದೆ ನಿಂತು ನಿಂತು ತಾಮ್ರವಾದ ಕೆನ್ನೆ, ರೆಪ್ಪೆಯ ಮೇಲಿನ ಅಕ್ಕಿಹಿಟ್ಟಿನ ಕಣ ಕೂಡ. ಕಣ್ಣುಗಳು ನೇರ ಅವಳ ಕಣ್ಣೊಳಗೇ ಇದ್ದವು. ನಾಚಿಕೆ ಬರುತ್ತದೆಂದು ಕಾದಳು. ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು, ಅವನು ಅವಳನ್ನು ನೋಡುತ್ತಲೇ ಇರಲಿಲ್ಲ. ಗಾಜಿನಲ್ಲಿ ಅವನಿಗೆ ಅವನೇ ಕಾಣುತ್ತಿದ್ದ. ತೋರುಬೆರಳನ್ನು ನಾಲಿಗೆಗೆ ತಾಗಿಸಿ, ಹುಬ್ಬಿಗಿಳಿದ ಕುಂಕುಮವನ್ನು ಒರೆಸಿ, ಉಳಿದದ್ದನ್ನು ನೆಟ್ಟಗೆ ಮೇಲಕ್ಕೆ ತೀಡಿದ. ತಲೆಯನ್ನು ಆ ಕಡೆ ವಾಲಿಸಿ ನೋಡಿದ, ಈ ಕಡೆ ವಾಲಿಸಿ ನೋಡಿದ. ಮೆಚ್ಚಿಗೆಯಾಯಿತು. ಹಲ್ಲಿಲ್ಲದ ಬಾಯಿ ತನ್ನಷ್ಟಕ್ಕೆ ಅರಳಿತು. ಹಿಂದೆ ಕಾವಲಿಯ ಮೇಲೆ ದೋಸೆಯ ಅಂಚು ಕೆಂಪಾಗುತ್ತಿತ್ತು.

“ಹ್ಞಾಂ, ಈಗ ಆಯ್ತಮ್ಮ,” ಎಂದು ಅವನು ಹಿಂದೆ ಸರಿದು, ಕೈ ಕಟ್ಟಿ, ಮುಖ ಬಿಗಿದು, ಶಾಲೆಯ ಮಾಸ್ತರನಂತೆ ನೆಟ್ಟಗೆ ನಿಂತ. “ಇನ್ನು ತೆಗೀರಿ.”

ಆ ಬಾಯಿ ಅರಳಿದಾಗಲೇ ಶುಭಾಂಗಿ ತೆಗೆದಾಗಿತ್ತು. ಆದರೂ ಅವನ ಮಾತಿಗೆ ಇನ್ನೊಂದು ತೆಗೆದಳು.